ಸಾಹೇಬರು ಯಾರ ಕಡೆ?

೪ ಜನವರಿ ೧೯೬೨, ಗುರುವಾರ. ಇಚಲಕರಂಜಿ

ಹೊಸ ವರ್ಷಕ್ಕೆಂದು ಸಾಹೇಬರಿಗೆ ಬಂದ ಡೈರಿಗಳಲ್ಲಿ ಒಂದನ್ನು ನನಗೆ ಕೊಟ್ಟು, "ಭರಮಾ, ಜೀಪಿಗೆ ಎಷ್ಟ ಪೆಟ್ರೋಲ್ ಹಾಕಸ್ತಿ, ಇದರಾಗ ಬರಕೋತ ಹೋಗು" ಎಂದರು. ಪೆಟ್ರೋಲಿಗೆ ಅರ್ಧ ಸಾಲು ಸಾಕು. ಉಳಿದ ಹಾಳೆ ಖಾಲಿ ಬಿಡಲು ನನಗೆ ಮನಸ್ಸಾಗಲಿಲ್ಲ. ಸದಲಗಾದ ಕನ್ನಡ ಶಾಲೆಯಲ್ಲಿ ಮುಲ್ಕಿ, ಅಂದರೆ ಏಳನೆಯ ತರಗತಿ, ಪಾಸಾದವನು ನಾನು. ಬಂಗಲೆಯಲ್ಲಿ ಎಲ್ಲರೂ ಮರಾಠಿ ಓದುವವರು. ಸಾಹೇಬರು ದತ್ತವಾಡದವರಾದ್ದರಿಂದ ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಹಾಗಾಗಿ ಇಲ್ಲಿ ಏನು ಬರೆದರೂ ಭಯವಿಲ್ಲ.

ಬರೆಯುವುದಕ್ಕೆ ಇವತ್ತೇ ವಿಷಯ ಸಿಕ್ಕಿತು. ದಿಲ್ಲಿ ಚುನಾವಣೆಗೆ ಏಣಿ ಪಕ್ಷದ ಟಿಕೆಟ್ ನಮ್ಮ ಜಿನಗೊಂಡ ಸಾಹೇಬರಿಗೆ ಸಿಗಲಿಲ್ಲ. ಪಕ್ಷಕ್ಕೆ ಉದ್ದನೆಯ ಹೆಸರಿದೆ, ಆದರೆ ಏಣಿ ಅದರ ಗುರುತಾದ್ದರಿಂದ ಊರೆಲ್ಲ ಏಣಿ ಪಕ್ಷ ಎಂದೇ ಕರೆಯುತ್ತದೆ. ಹದಿನೈದು ವರ್ಷ ಆ ಪಕ್ಷವನ್ನು ಸಾಹೇಬರು ಹೊತ್ತರು. ಟಿಕೆಟ್ ಹೋಗಿದ್ದು ಮಗ್ಗದ ಕಾರಖಾನೆಗಳ ಮಾಲೀಕ ಅಭಯಕುಮಾರ ಶೇಠರಿಗೆ. ಸಾಹೇಬರಿಗೂ ಶೇಠರಿಗೂ ಮೊದಲಿನಿಂದ ಆಗಿಬರುವುದಿಲ್ಲ.

ಮುಂಬೈಯಿಂದ ಫೋನು ಬಂದ ಮೇಲೆ ಸಾಹೇಬರು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದು ಜೀಪಿನಲ್ಲಿ ಕೂತರು.

"ನಡಿ."

"ಎಲ್ಲಿಗ್ರಿ?"

"ಎಲ್ಲಿಗ್ಯಾರ ನಡಿ."

ಗಡಹಿಂಗ್ಲಜದವರೆಗೆ ಹೋದೆವು. ಅಲ್ಲಿ ಅವರು ಒಂದು ಪೊಟ್ಟಣ ಶೇಂಗಾ ತೆಗೆದುಕೊಂಡು ಅರ್ಧ ನನಗೆ ಕೊಟ್ಟರು. ತಿರುಗಿ ಬಂದೆವು. ಇಡೀ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: "ಭರಮಾ, ಈ ಸೀಟ್ ಭಾಳ ಗಟ್ಟಿ ಆಗೇತಿ." ಒಳಗಿನ ತೆಂಗಿನ ನಾರು ಹಳೆಯದಾಗಿದೆ. ನಾಳೆ ತೆಗೆಸಿ ಹತ್ತಿ ತುಂಬಿಸಬೇಕು.

೬ ಜನವರಿ, ಶನಿವಾರ

ನಿನ್ನೆ ಅಲ್ಲಪ್ಪನ ಚಹಾದ ಅಂಗಡಿಯಲ್ಲಿ ಎಲ್ಲರೂ ನನ್ನನ್ನು ಸುತ್ತುವರಿದರು. ಸಾಹೇಬರು ಏನಂದರು, ಏನಂದರು ಎಂದು ಒಂದೇ ಸವನೆ ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ. "ಸೀಟ್ ಗಟ್ಟಿ ಐತಿ ಅಂದ್ರು."

ಎಲ್ಲರೂ ಚಹಾದ ಗ್ಲಾಸು ಕೆಳಗಿಟ್ಟರು. ಆಮೇಲೆ ಜಾಬರ್ ಕಾಡಪ್ಪ, ಮಗ್ಗ ಕೆಟ್ಟರೆ ರಿಪೇರಿ ಮಾಡುವವನು, ಮೀಸೆ ಸವರಿಕೊಂಡು ನಿಧಾನವಾಗಿ ಅಂದ: "ಅಂದ್ರ ಸಾಹೇಬ್ರು ಸೀಟ್ ಬಿಡೂದಿಲ್ಲ."

"ಜೀಪಿನ ಸೀಟೋ ಮಾರಾಯಾ" ಎಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಡ್ರೈವರ್ ಎಷ್ಟು ಹುಷಾರಿ ಎಂಬಂಥ ನಗು.

ಇವತ್ತು ಕೊಲ್ಹಾಪುರದ ಪತ್ರಿಕೆಯಲ್ಲಿ ಬಂದಿದೆ: "ಸೀಟು ಗಟ್ಟಿ ಇದೆ ಎನ್ನುತ್ತದೆ ಸಾಹೇಬರ ಆಪ್ತ ವಲಯ." ಅದನ್ನು ಎರಡು ಸಲ ಓದಿದೆ. ಆಪ್ತ ವಲಯ ಎಂದರೆ ಯಾರು ಎಂದು ಮೊದಲು ತಿಳಿಯಲಿಲ್ಲ.

ಜೀಪಿನ ಸೀಟಿಗೆ ಹತ್ತಿ ತುಂಬಿಸಿದೆ. ಅದನ್ನು ನೋಡಲೂ ನಾಲ್ಕು ಜನ ಬಂದರು.

೯ ಜನವರಿ, ಮಂಗಳವಾರ

ಏಣಿಯ ಎದುರಾಳಿಗಳಾದ ಛತ್ರಿ ಪಕ್ಷದವರು ತಮ್ಮ ಟಿಕೆಟನ್ನು ಮಲ್ಲಾರಿ ಮಾಸ್ತರನಿಗೆ ಕೊಟ್ಟಿದ್ದಾರೆ. ಮಲ್ಲಾರಿ ನನ್ನ ಹೆಂಡತಿ ಮಲಕವ್ವನ ಒಡಹುಟ್ಟಿದ ತಮ್ಮ. ಅವರದು ಕುರಿ ಕಾಯುವ ಮನೆತನ. ಇವನೊಬ್ಬ ಓದಿ ಮಾಸ್ತರನಾದ. ಹಗಲು ಶಾಲೆ, ಸಂಜೆ ಮಗ್ಗದ ಕೆಲಸಗಾರರಿಗೆ ಪುಕ್ಕಟೆ ಪಾಠ. ಮಿರಜ ದಾಟಿ ಆಚೆ ಹೋದವನಲ್ಲ, ದಿಲ್ಲಿಗೆ ಹೊರಟಿದ್ದಾನೆ. ಟೊಪ್ಪಿಗೆ ಕೂಡ ಹಾಕುವುದಿಲ್ಲ. ಇದ್ದದ್ದು ಒಂದು ಸೈಕಲ್ಲು.

ಮಲಕವ್ವ ಬಾಗಿಲಲ್ಲೇ ಹಿಡಿದಳು.

"ರೀ, ಸಾಹೇಬ್ರಿಗೂ ಆ ಶೇಠಗೂ ಆಗೂದಿಲ್ಲ. ನಮ್ಮ ಮಲ್ಲಾರಿ ಸಲುವಾಗಿ ಸಾಹೇಬ್ರು ಒಂದ ಮಾತ ಹೇಳಿದ್ರ ಸಾಕು, ಸುತ್ತಿನ ಹಳ್ಳಿ ಎಲ್ಲಾ ತಿರಗತಾವು. ನೀವು ಕೇಳ್ರಿ."

"ನಾ ಡ್ರೈವರ್. ಕೇಳೂದು ನನ್ನ ಕೆಲಸ ಅಲ್ಲ."

"ಹಂಗಾದ್ರ ಅವರ ಮನಸಿನ್ಯಾಗ ಏನೈತಿ, ಅದನ್ನಾರ ಹೇಳ್ರಿ."

"ನನಗ ಗೊತ್ತಿಲ್ಲ."

ಇದು ಖರೆ ಮಾತು. ಸಾಹೇಬರು ಬೆಳಿಗ್ಗೆ ಒಂದು ಪಕ್ಷದವರಿಗೆ ಚಹಾ ಕೊಡುತ್ತಾರೆ, ಸಂಜೆ ಇನ್ನೊಂದು ಪಕ್ಷದವರಿಗೆ. ಇಬ್ಬರಿಗೂ "ಬಘೂ, ಬಘೂ" ಎನ್ನುತ್ತಾರೆ. ನೋಡೋಣ ಎಂದು ಅರ್ಥ. ಮಲಕವ್ವ ನಂಬಲಿಲ್ಲ. ಅಲ್ಲಪ್ಪನ ಅಂಗಡಿಯಲ್ಲೂ ಯಾರೂ ನಂಬಲಿಲ್ಲ. ಸಾಹೇಬರು ಸ್ವಂತ ಪಕ್ಷ ಬಿಟ್ಟು ಎದುರಿನವನಿಗೆ ಎಂದೂ ಬೆಂಬಲ ಕೊಡುವುದಿಲ್ಲ, ಕೊಟ್ಟರೆ ತನ್ನ ಮೀಸೆ ಬೋಳಿಸುತ್ತೇನೆ ಎಂದು ಕಾಡಪ್ಪ ಪಂಥ ಕಟ್ಟಿದ. ಅವನ ಮೀಸೆ ಹುಪರಿಯವರೆಗೆ ಹೆಸರಾದದ್ದು.

೧೪ ಜನವರಿ, ರವಿವಾರ. ಸಂಕ್ರಾಂತಿ

ಇಷ್ಟು ವರ್ಷ ನಮ್ಮ ಎರಡು ಕೋಣೆಯ ಮನೆಗೆ ಎಳ್ಳು-ಬೆಲ್ಲ ಕೊಡಲು ಬರುತ್ತಿದ್ದವರು ಪಕ್ಕದ ಮನೆಯವರು ಮಾತ್ರ. ಇವತ್ತು ವಕೀಲರು ಬಂದರು, ಇಬ್ಬರು ಡಾಕ್ಟರು ಬಂದರು, ನೂಲಿನ ದಲಾಲಿಗಳು ಬಂದರು. ಕೂರಿಸಲು ಚಾಪೆ ಸಾಲಲಿಲ್ಲ. ಎಲ್ಲರೂ ಎಳ್ಳು ಕೊಟ್ಟು, ಒಳ್ಳೆ ಮಾತಾಡಿ, ಎದ್ದು ನಿಂತ ಮೇಲೆ ಅದನ್ನೇ ಕೇಳಿದರು. ಸಾಹೇಬರು ಯಾರ ಕಡೆ?

ಮೊದಲ ಇಬ್ಬರಿಗೆ "ಗೊತ್ತಿಲ್ರಿ" ಎಂದೆ. ಅವರ ಮುಖ ಸಣ್ಣದಾಯಿತು. ಅಷ್ಟು ದೂರ ಬಂದವರನ್ನು ಬರಿಗೈಲಿ ಕಳಿಸುವುದು ಸರಿಯಲ್ಲ ಅನ್ನಿಸಿ, ಮೂರನೆಯವರಿಗೆ "ವಿಚಾರ ನಡದೈತ್ರಿ" ಎಂದೆ. ಅವರು ಬಹಳ ಸಂತೋಷದಿಂದ ಹೋದರು.

ಅಲ್ಲಪ್ಪ ಈಗ ನನಗೆ ಗ್ಲಾಸಿನಲ್ಲಿ ಚಹಾ ಕೊಡುವುದಿಲ್ಲ, ಕಪ್ಪು-ಬಶಿಯಲ್ಲಿ ಕೊಡುತ್ತಾನೆ.

೨೦ ಜನವರಿ, ಶನಿವಾರ. ಕೊಲ್ಹಾಪುರ

ಏಣಿ ಪಕ್ಷದ ಸಭೆಗೆ ಕೊಲ್ಹಾಪುರಕ್ಕೆ ಬಂದೆವು. ಸಾಹೇಬರು ಒಳಗೆ, ನಾನು ಹೊರಗೆ ಜೀಪಿನ ಹತ್ತಿರ. ಉಳಿದ ಡ್ರೈವರುಗಳು ಇಸ್ಪೀಟು ಆಡುತ್ತಿದ್ದರು. ನನ್ನ ಸುತ್ತ ಮಾತ್ರ ಪತ್ರಿಕೆಯವರು. ಒಬ್ಬ ಪೆನ್ಸಿಲು ಹಿಡಿದು ಮರಾಠಿಯಲ್ಲಿ ಕೇಳಿದ. ನಾನೂ ಮರಾಠಿಯಲ್ಲೇ, ಎಲ್ಲ ಕಡೆಯ ಪರಿಸ್ಥಿತಿ ನೋಡಿ ಯೋಗ್ಯ ವೇಳೆಗೆ ಯೋಗ್ಯ ನಿರ್ಣಯ ಆಗುತ್ತದೆ ಎಂದೆ. ಅವನು ಅದನ್ನು ಪೂರ್ತಿ ಬರೆದುಕೊಂಡ. ಅಷ್ಟು ಉದ್ದದ ಮಾತು ನನ್ನ ಬಾಯಿಂದ ಹೇಗೆ ಬಂತೋ.

ಆಮೇಲೆ ಅಭಯಕುಮಾರ ಶೇಠರೇ ಹೊರಗೆ ಬಂದರು. "ಭರಮಪ್ಪರಾವ" ಎಂದು ಕರೆದರು. ನನ್ನ ಹೆಸರಿಗೆ ಯಾರೂ ಎಂದೂ ರಾವ ಸೇರಿಸಿರಲಿಲ್ಲ.

"ಮಗಳಿಗೆ ಎಷ್ಟ ವಯಸ್ಸು?"

"ಎಂಟರಿ."

ಅವರ ಮುನೀಮ ಒಂದು ಕೆಂಪು ಕಾಗದದ ಪೊಟ್ಟಣ ಕೊಟ್ಟ. ಒಳಗೆ ಹುಪರಿಯ ಬೆಳ್ಳಿ ಕಾಲುಗೆಜ್ಜೆ. ಒಳ್ಳೆ ತೂಕದ್ದು. "ಏನೂ ಮಾಡೂದು ಬ್ಯಾಡ್ರಿ. ಸಾಹೇಬ್ರು ಪಕ್ಷದಾಗ ಉಳೀತಾರ ಅಂತ ನಾಕ ಮಂದಿ ಮುಂದ ಹೇಳಕೋತ ಇರ್ರಿ, ಸಾಕು" ಎಂದರು ಶೇಠರು.

ತೆಗೆದುಕೊಂಡೆ ಎಂದು ಹೇಳಲು ಬರುವುದಿಲ್ಲ. ಬೇಡ ಎಂದೂ ಹೇಳಲಿಲ್ಲ. ಸದ್ಯಕ್ಕೆ ಜೀಪಿನ ಪಾನಾ, ಇಕ್ಕಳ ಇಡುವ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇಂಥ ವಿಷಯದಲ್ಲಿ ಅವಸರ ಮಾಡಬಾರದು.

೨೩ ಜನವರಿ, ಮಂಗಳವಾರ

ಬಿಳಿ ಟೊಪ್ಪಿಗೆ ಒಂದು ಕೊಂಡೆ. ಬಿಸಿಲಿಗೆ ಬೇಕಾಗುತ್ತದೆ.

೨೭ ಜನವರಿ, ಶನಿವಾರ

ಮನಸ್ಸು ಕೆಟ್ಟುಹೋಗಿದೆ.

ಮಗಳು ದುರ್ಗವ್ವ ಮನೆ ಮುಂದೆ ನಿಲ್ಲಿಸಿದ್ದ ಜೀಪಿನಲ್ಲಿ ಆಡಲು ಹತ್ತಿದವಳು ಪಾನಾ ಡಬ್ಬಿ ತೆಗೆದಳು. ಗೆಜ್ಜೆ ಕಾಲಿಗೆ ಕಟ್ಟಿಕೊಂಡು ಝಲ್ ಝಲ್ ಎನ್ನಿಸುತ್ತ ಅಡಿಗೆಮನೆಗೆ ಬಂದಳು. ಮಲಕವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು.

"ಯಾರವು ಇವು?"

"ಅದರ ಬಗ್ಗೆ ಈಗಲೇ ಏನೂ ಹೇಳಾಕ ಬರೂದಿಲ್ಲ."

"ನನ್ನ ಜೋಡಿ ಭಾಷಣ ಮಾಡಬ್ಯಾಡ್ರಿ. ಶೇಠ ಕೊಟ್ಟಾನೋ ಇಲ್ಲೋ?"

"ಕೊಟ್ಟಾರಂತಲ್ಲ, ಅವರ ಕಡಿಂದ ಬಂದಾವು. ಅದನ್ನ ಎರಡೂ ಬಾಜೂದಿಂದ ನೋಡಬೇಕು."

ಅವಳು ಎರಡೂ ಬಾಜುವಿನಿಂದ ನೋಡಲಿಲ್ಲ. ಕೈ ತೊಳೆದುಕೊಂಡು, ಮಗಳ ಕಾಲಿಂದ ಗೆಜ್ಜೆ ಬಿಚ್ಚಿ, ಸೆರಗಿನಲ್ಲಿ ಕಟ್ಟಿ, ಮಗಳ ಕೈ ಹಿಡಿದು ನಡೆದೇಬಿಟ್ಟಳು. ನಾನು ಹಿಂದೆ ಓಡಿದೆ. ಶೇಠರ ಕಾರಖಾನೆಯ ಗೇಟಿನಲ್ಲಿ ಪಾಳಿ ಬಿಡುವ ಹೊತ್ತು, ಜನ ತುಂಬಿತ್ತು. ಶೇಠರು ಕಾರಿನಿಂದ ಇಳಿಯುತ್ತಿದ್ದರು. ಮಲಕವ್ವ ಗೆಜ್ಜೆಯನ್ನು ಅವರ ಕೈಯಲ್ಲಿ ಇಟ್ಟು, ಶಾಂತವಾಗಿ ಅಂದಳು:

"ನಮ್ಮ ಹುಡಿಗಿ ಕಾಲ ಸಣ್ಣದೈತ್ರಿ. ಇವು ಭಾಳ ದೊಡ್ಡೂ ಆಗತಾವು. ನಿಮ್ಮ ಮಗ್ಗದಾಗ ಕೆಮ್ಮೂ ಮಂದಿಗೆ ಔಷಧಕ್ಕ ಕೊಡ್ರಿ, ಅವರಿಗೆ ಬರೋಬ್ಬರಿ ಆಗತಾವು."

ಯಾರೂ ನಗಲಿಲ್ಲ. ಒಬ್ಬ ಮುದುಕ ಕೆಲಸಗಾರ ತಲೆಯ ರುಮಾಲು ತೆಗೆದು ಹಿಡಿದ. ಶೇಠರು ಗೆಜ್ಜೆ ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿಕೊಂಡರು. ನಡೆದರೆ ಸದ್ದಾಗುತ್ತಿತ್ತು.

ಹೆಂಗಸರಿಗೆ ರಾಜಕಾರಣ ತಿಳಿಯುವುದಿಲ್ಲ. ಇಷ್ಟು ನೇರವಾಗಿ ಎಲ್ಲವನ್ನೂ ಮುಗಿಸಿಬಿಟ್ಟರೆ ಮುಂದೆ ಮಾತುಕತೆಗೆ ಏನು ಉಳಿಯುತ್ತದೆ?

ಆದರೂ ಗೆಜ್ಜೆ ಹೋದ ಮೇಲೆ ಜೀಪು ಹಗುರಾದಂತೆ ಅನ್ನಿಸಿತು. ಅದು ಬರೀ ಮನಸ್ಸಿನ ಕಲ್ಪನೆ.

೧ ಫೆಬ್ರುವರಿ, ಗುರುವಾರ

ಮಲಕವ್ವ ಈಗ ಸಂಜೆ ಮನೆಯಲ್ಲಿ ಇರುವುದಿಲ್ಲ. ನಳದ ಹತ್ತಿರದ ಹೆಂಗಸರು ಗೇಟಿನ ಸಂಗತಿ ಕೇಳಲು ಕರೆದರಂತೆ. ಅಲ್ಲಿಂದ ಇನ್ನೊಂದು ಓಣಿಯವರು ಕರೆದರು. ಹೋದಲ್ಲೆಲ್ಲ ತಮ್ಮನ ಸಲುವಾಗಿಯೂ ನಾಲ್ಕು ಮಾತು ಹೇಳಿ ಬರುತ್ತಾಳೆ. ಹೆಂಗಸರ ಹರಟೆ, ಬರೆಯುವಂಥದ್ದೇನಿಲ್ಲ.

ಮುಖ್ಯ ವಿಷಯ: ಛತ್ರಿ ಪಕ್ಷದ ಮುಖಂಡರು ಇವತ್ತು ಮತ್ತೆ ಬಂದಿದ್ದರು. ನಾವು ಅವರಿಗೆ ಸ್ಪಷ್ಟವಾಗಿ ಏನೂ ಹೇಳಲಿಲ್ಲ. ಅಷ್ಟಗ್ರಹ ಕೂಟ ಮುಗಿದ ಮೇಲೆ ನಮ್ಮ ನಿಲುವು ತಿಳಿಸುತ್ತೇವೆ ಎಂದೆವು. ಪತ್ರಿಕೆಯವರಿಗೂ ನಾನು ಅದನ್ನೇ ಅಂದೆ.

ರಾತ್ರಿ ಊಟಕ್ಕೆ ನಾನೇ ಕಡಲೆಹಿಟ್ಟಿನ ಜುಣಕ ಮಾಡಿದೆ. ಉಪ್ಪು ಹೆಚ್ಚಾಯಿತು. ದುರ್ಗವ್ವ ತಿಂದಳು.

೪ ಫೆಬ್ರುವರಿ, ರವಿವಾರ

ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಕೂಡಿವೆ. ಲೋಕ ಮುಳುಗುತ್ತದೆ ಎಂದು ಜೋಯಿಸರು ಹೇಳಿದ್ದಾರೆ. ಊರಲ್ಲಿ ಮಗ್ಗ ನಿಂತಿವೆ. ಇಚಲಕರಂಜಿಯಲ್ಲಿ ಖಟಖಟ ನಿಂತರೆ ಕಿವಿಯಲ್ಲಿ ಏನೋ ತುಂಬಿದ ಹಾಗಾಗುತ್ತದೆ. ಬಹಳ ಜನ ಗಂಟು ಕಟ್ಟಿಕೊಂಡು ತಮ್ಮ ಹಳ್ಳಿಗೆ ಹೋಗಿದ್ದಾರೆ, ಮುಳುಗುವುದಾದರೆ ತಮ್ಮವರ ಜೊತೆ ಮುಳುಗೋಣ ಎಂದು. ಅಲ್ಲಪ್ಪ ಅಂಗಡಿಯ ಬಾಗಿಲು ಹಾಕಿದ್ದಾನೆ. ಸಾಹೇಬರು ದೇವರ ಕೋಣೆಯಿಂದ ಹೊರಗೆ ಬಂದಿಲ್ಲ.

ಮಲಕವ್ವ ಬೆಳಿಗ್ಗೆಯೇ ಚಪ್ಪಲಿ ಹಾಕಿಕೊಂಡಳು.

"ಇವತ್ತ ಯಾರಾದ್ರೂ ಹೊರಗ ಹೋಗ್ತಾರೇನು?" ಎಂದೆ.

"ಅದಕ್ಕ ಹೊಂಟೀನ್ರಿ. ಇವತ್ತ ಎಲ್ಲಾರೂ ಮನ್ಯಾಗ ಸಿಗತಾರ."

"ಲೋಕ ಮುಳಗೂ ಟೈಮಿನ್ಯಾಗ ವೋಟ್ ಕೇಳ್ತಿ?"

"ಮುಳಗಿದ್ರ ಯಾರೂ ಕೇಳೂದಿಲ್ಲ. ಮುಳಗಲಿಲ್ಲಂದ್ರ ಶೇಠನಕಿಂತಾ ಎರಡ ದಿನಾ ಮುಂದಿರತೀವಿ."

ಮಧ್ಯಾಹ್ನ ಮಲ್ಲಾರಿ ಸೈಕಲ್ಲಿನ ಮೇಲೆ ಬಂದ. ಉಣ್ಣಲು ಕೂತ. ಈ ಕಡೆ ಅಕ್ಕನ ಗಂಡನನ್ನು ದಾಜಿ ಎನ್ನುತ್ತಾರೆ. "ದಾಜೀ, ಸಾಹೇಬ್ರಿಗೆ ನೀವು ನನ್ನ ಸಲುವಾಗಿ ಏನೂ ಹೇಳಬ್ಯಾಡ್ರಿ" ಎಂದ. "ನಿಮ್ಮ ಕೆಲಸಕ್ಕ ತ್ರಾಸ ಆಗಬಾರದು. ಅವರು ಬಂದ್ರ ಭಾಳ ಚಲೋ. ಬರಲಿಲ್ಲಂದ್ರ ನಾ ಮತ್ತ ಸಂಜಿ ಪಾಠಾ ಹೇಳ್ತೀನಿ, ಅದೇನು ಯಾರೂ ಕಸಗೊಳ್ಳೂದಿಲ್ಲ."

ಹುಡುಗನಿಗೆ ಇನ್ನೂ ಅನುಭವ ಸಾಲದು. ಗೆಲ್ಲುವ ಆಸೆಯನ್ನು ತೋರಿಸಿಕೊಳ್ಳುವುದಿಲ್ಲ, ಸೋಲುವ ಭಯವನ್ನೂ ತೋರಿಸಿಕೊಳ್ಳುವುದಿಲ್ಲ. ಹೀಗಾದರೆ ಇವನ ಬಗ್ಗೆ ಪತ್ರಿಕೆಯವರು ಏನು ಬರೆಯಬೇಕು? ಆದರೆ ನಾನು ಮಾಡಿದ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ.

೬ ಫೆಬ್ರುವರಿ, ಮಂಗಳವಾರ

ಲೋಕ ಇದೆ. ಮಗ್ಗ ಶುರುವಾದವು. ಸಾಹೇಬರು ಸ್ನಾನ ಮಾಡಿ ಹೊರಗೆ ಬಂದು, ಎರಡೂ ಪಕ್ಷದವರಿಗೆ ಒಂದೇ ಮಾತು ಹೇಳಿ ಕಳಿಸಿದರು: ರವಿವಾರ ಗಡಹಿಂಗ್ಲಜದ ಸಂತೆಗೆ ಬರುತ್ತೇನೆ, ಅಲ್ಲಿ ಮಾತಾಡುತ್ತೇನೆ. ಯಾರ ವೇದಿಕೆಯಲ್ಲಿ ಎಂದು ಹೇಳಲಿಲ್ಲ.

೧೧ ಫೆಬ್ರುವರಿ, ರವಿವಾರ. ಗಡಹಿಂಗ್ಲಜ

ಇವತ್ತಿನದನ್ನು ಮರೆಯುವ ಮೊದಲು ಎಲ್ಲ ಬರೆದಿಡಬೇಕು. ಸಾಹೇಬರು ಇಲ್ಲಿಯ ಪರಿಚಯದವರ ಮನೆಯಲ್ಲಿ ಮಲಗಿದ್ದಾರೆ. ನಾನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿಪ್ಪಾಣಿಯ ಮೇಲೆ ಬಂದೆವು. ನಡುವೆ ಮೈಸೂರು ರಾಜ್ಯ ಹಾದು ಮತ್ತೆ ಮಹಾರಾಷ್ಟ್ರಕ್ಕೆ ಬರಬೇಕು. ಸಂಕೇಶ್ವರ ದಾಟಿದ ಮೇಲೆ ಒಂದು ಹುಣಸೆ ಗಿಡದ ನೆರಳಲ್ಲಿ ಸಾಹೇಬರು ಜೀಪು ನಿಲ್ಲಿಸು ಎಂದರು. ಇಳಿಯಲಿಲ್ಲ. ಸುಮ್ಮನೆ ಕೂತರು.

"ಭರಮಾ, ಮಂದಿ ಏನಂತಾರೋ? ನಾ ಯಾರ ಕಡೆ ಹೋಗ್ತೀನಂತ?"

ನಾನು ಟೊಪ್ಪಿಗೆ ಸರಿಮಾಡಿಕೊಂಡೆ. "ಎಲ್ಲಾ ಕಡೆ ವಿಚಾರ ನಡದೈತ್ರಿ. ಪರಿಸ್ಥಿತಿ ನೋಡಿ ಯೋಗ್ಯ ವೇಳೆಕ್ಕ..."

"ಅದನ್ನ ನಾ ಮಂದಿಗೆ ಹೇಳ್ತೀನಿ. ನೀ ನನಗ ಯಾಕ ಹೇಳ್ತಿ?"

ಸಾಹೇಬರು ರಸ್ತೆಯ ಕಡೆ ನೋಡುತ್ತ ಅಂದರು:

"ನಿನಗ ಖರೇ ಹೇಳ್ತೀನಿ. ನನಗೂ ಇನ್ನಾ ತಿಳದಿಲ್ಲ. ಪಕ್ಷ ಬಿಟ್ರ ಹದಿನೈದ ವರ್ಷ ಮಣ್ಣಾಗತಾವು. ಬಿಡಲಿಲ್ಲಂದ್ರ ಆ ಶೇಠನ ಕೊರಳಾಗ ಮಾಲಿ ಹಾಕಬೇಕು. ದಿನಾ ಮುಂಜಾನೆ ಎದ್ದ ಕೂಡ್ಲೆ ಪೇಪರ್ ನೋಡ್ತೀನಿ. ಆಪ್ತ ವಲಯ ಹಿಂಗಂತೈತಿ, ಆಪ್ತ ವಲಯ ಹಂಗಂತೈತಿ ಅಂತ ಇರತೈತಿ. ನನ್ನ ಹತ್ತರದವರು ಯಾರೋ ನನಕಿಂತಾ ಚಲೋ ತಿಳಕೊಂಡಾರ, ಅವರು ಹೇಳಿಧಂಗ ಮಾಡಿದ್ರಾತು ಅಂತ ಓದಕೋತ ಕುಂತೀನಿ."

ನಾನು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

"ಸಾಹೇಬ್ರ, ಆ ವಲಯ ಅಂದ್ರ ನಾನರೀ."

"ನೀನಾ?"

"ಹೌದ್ರಿ. ಅಲ್ಲಪ್ಪನ ಅಂಗಡ್ಯಾಗ, ಕೊಲ್ಹಾಪುರದಾಗ. ಕೇಳಿದವರಿಗೆ ಹೇಳಿದ್ನಿರಿ."

"ಬ್ಯಾರೆ ಯಾರಿಲ್ಲಾ? ಒಬ್ಬನ?"

"ಒಬ್ಬನರೀ."

ಬೈಯುತ್ತಾರೆ, ಇಲ್ಲೇ ಇಳಿಸಿ ಕಳಿಸುತ್ತಾರೆ ಎಂದುಕೊಂಡೆ. ಸಾಹೇಬರು ಮೊದಲು ಕೆಮ್ಮಿದರು. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು, ಜೀಪು ಅಲ್ಲಾಡುವಷ್ಟು. ಹೊಲದಲ್ಲಿ ಕಬ್ಬು ಕಡಿಯುತ್ತಿದ್ದವರು ಎದ್ದು ನಿಂತು ನೋಡಿದರು. ನನಗೂ ನಗು ಬಂತು. ಇಬ್ಬರೂ ಕಣ್ಣೊರೆಸಿಕೊಂಡ ಮೇಲೆ ಅವರು "ನಡಿ" ಎಂದರು. "ನೀ ಎಲ್ಲಿ ನಿಲ್ಲಸ್ತಿ, ನಾ ಅಲ್ಲೆ ಇಳೀತೀನಿ."

ಸಂಕೇಶ್ವರದಿಂದ ಗಡಹಿಂಗ್ಲಜದ ದಾರಿ ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಛತ್ರಿಯವರ ವೇದಿಕೆಯ ಮುಂದೆ ನಿಲ್ಲಿಸಿದರೆ, ಹೆಂಡತಿಯ ತಮ್ಮನ ಸಲುವಾಗಿ ಡ್ರೈವರ್ ಸಾಹೇಬರನ್ನು ಹಾಳು ಮಾಡಿದ ಎನ್ನುತ್ತಾರೆ. ಏಣಿಯ ಮುಂದೆ ನಿಲ್ಲಿಸಿದರೆ ಮನೆಗೆ ಹೋಗುವಂತಿಲ್ಲ.

ಸಂತೆಯ ಮೈದಾನದಲ್ಲಿ ಎರಡು ವೇದಿಕೆ ಎದುರುಬದುರು. ಏಣಿಯವರದಕ್ಕೆ ಬಣ್ಣದ ಕಮಾನು, ಬ್ಯಾಂಡು, ಶೇಠರ ಕೈಯಲ್ಲಿ ದಪ್ಪ ಹೂವಿನ ಹಾರ. ಛತ್ರಿಯವರದಕ್ಕೆ ನಾಲ್ಕು ಹಲಗೆ. ನಮ್ಮ ಜೀಪು ಒಳಗೆ ಬಂದರೂ ಯಾರೂ ತಿರುಗಿ ನೋಡಲಿಲ್ಲ. ಎಲ್ಲರ ಬೆನ್ನು ನಮ್ಮ ಕಡೆ ಇತ್ತು. ಬ್ಯಾಂಡಿನವರು ಕೂಡ ತುತ್ತೂರಿ ಕೆಳಗಿಟ್ಟು ಛತ್ರಿಯವರ ಕಡೆ ಕಿವಿ ಕೊಟ್ಟು ನಿಂತಿದ್ದರು.

ಧ್ವನಿ ನನಗೆ ಪರಿಚಯದ್ದು. ಹಲಗೆಯ ಮೇಲೆ ಮಲಕವ್ವ ನಿಂತಿದ್ದಳು. ಮಲ್ಲಾರಿ ಅವಳ ಹಿಂದೆ ದುರ್ಗವ್ವನನ್ನು ಎತ್ತಿಕೊಂಡಿದ್ದ. ಒಂದು ಮಾತು ಕನ್ನಡದಲ್ಲಿ, ಅದರ ಮುಂದಿನದು ಮರಾಠಿಯಲ್ಲಿ, ಮನೆಯಲ್ಲಿ ಮಾತಾಡುವ ಹಾಗೆಯೇ ಮಾತಾಡುತ್ತಿದ್ದಳು.

"ಲೋಕ ಮುಳಗತೈತಂತ ದೊಡ್ಡ ಮಂದಿ ಬಾಗಲಾ ಹಾಕ್ಕೊಂಡು ಕುಂತ್ರು. ನಾವು ಆವತ್ತೂ ನಳಕ್ಕ ಕೊಡ ತಗೊಂಡು ಹ್ವಾದ್ವಿ. ನೀರ ಬರಲಿಲ್ಲ. ಅದು ಗ್ರಹದ್ದಲ್ಲ, ದಿನಾ ಬರೂದಿಲ್ಲ. ಹತ್ತಿ ಧೂಳ ನುಂಗಿ ನಮ್ಮ ಗಂಡಸರು ಕೆಮ್ಮತಾರ. ಅದಕ್ಕೂ ಗ್ರಹ ಕಾರಣ ಅಲ್ಲ. ನನ್ನ ತಮ್ಮ ನನಗ ಸಹಿ ಮಾಡೂದು ಕಲಿಸ್ಯಾನ. ಮಗ್ಗದ ಓಣ್ಯಾಗ ನಿಮ್ಮಂಥಾ ಎಷ್ಟೋ ಮಂದೀಗೆ ಕಲಿಸ್ಯಾನ. ಅದಕ್ಕ ಅವನ ಸಲುವಾಗಿ ಕೇಳಾಕ ಬಂದೀನಿ."

ಸ್ವಲ್ಪ ತಡೆದಳು. ನೀರು ಕುಡಿದಳು.

"ಸಾಹೇಬ್ರು ಯಾರ ಕಡೆ, ಸಾಹೇಬ್ರು ಯಾರ ಕಡೆ ಅಂತ ಎಲ್ಲಾರೂ ಕೇಳ್ತಾರ. ಅವರು ದೊಡ್ಡವರು, ಅವರಿಗೆ ಹತ್ತ ಕಡೆ ನೋಡಬೇಕಾಗತೈತಿ. ನೀವು ಯಾರ ಕಡೆ ಅಂತ ನಿಮಗ ಗೊತ್ತೈತಲ್ಲಾ? ಅಷ್ಟ ಸಾಕು."

ಚಪ್ಪಾಳೆ ಬೀಳಲಿಲ್ಲ. ಜನ ಒಬ್ಬರಿಗೊಬ್ಬರು ಮಾತಾಡಲು ಶುರು ಮಾಡಿದರು, ಅದೇ ಚಪ್ಪಾಳೆಗಿಂತ ದೊಡ್ಡ ಸದ್ದು.

ಜೀಪು ಎರಡೂ ವೇದಿಕೆಯ ನಡುವೆ ನಿಂತಿತ್ತು. ನಾನು ಯಾವಾಗ ನಿಲ್ಲಿಸಿದೆನೋ ನನಗೇ ನೆನಪಿಲ್ಲ.

"ಯಾರೋ ಈ ಹೆಣ್ಣಮಗಳು?" ಎಂದರು ಸಾಹೇಬರು.

"ನಮ್ಮಾಕಿರಿ."

"ನಿಂದ ಮದವಿ ಆಗೇತಿ ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ರಿ."

ಸಾಹೇಬರು ತಾವೇ ಇಳಿದರು. ಶೇಠರು ಹಾರ ಎತ್ತಿ ಹಿಡಿದು ಎರಡು ಹೆಜ್ಜೆ ಮುಂದೆ ಬಂದರು. ಸಾಹೇಬರು ಅವರಿಗೆ ಕೈಮುಗಿದು, ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ನಾಲ್ಕು ಹಲಗೆಯ ಮೇಲೆ ಹತ್ತಿದರು. ಒಂದು ತಾಸಿಗೆ ಕಡಿಮೆ ಎಂದೂ ಮಾತಾಡದವರು ಇವತ್ತು ಆಡಿದ್ದು ಇಷ್ಟೇ:

"ನಾ ಹೇಳಬೇಕಂದಿದ್ದು ಈ ತಂಗಿ ಹೇಳ್ಯಾಳ. ನಾ ತಡಾ ಮಾಡೀನಿ, ತಪ್ಪಾತು. ನನ್ನ ವೋಟ್ ಮಲ್ಲಾರಿ ಮಾಸ್ತರಗ."

೧೩ ಫೆಬ್ರುವರಿ, ಮಂಗಳವಾರ

ಏಣಿ ಪಕ್ಷ ಸಾಹೇಬರನ್ನು ತೆಗೆದುಹಾಕಿದೆ. ತಂತಿ ಬಂತು. ಸಾಹೇಬರು ಓದಿ, ಮಡಚಿ, ಇವತ್ತು ಮಧ್ಯಾಹ್ನ ಬಹಳ ಹೊತ್ತು ನಿದ್ದೆ ಮಾಡಿದರು. ಗೊರಕೆ ಗ್ಯಾರೇಜಿಗೆ ಕೇಳಿಸಿತು.

ಕಾಡಪ್ಪ ಮೀಸೆ ಬೋಳಿಸಿದ. ಮಾತಿಗೆ ತಪ್ಪಲಿಲ್ಲ. ಕಾರಖಾನೆಯ ಗೇಟಿನಲ್ಲಿ ವಾಚಮನ್ ಅವನನ್ನು ಒಳಗೆ ಬಿಡಲಿಲ್ಲ, ಯಾರೋ ಹೊಸಬ ಎಂದುಕೊಂಡು.

೨೧ ಫೆಬ್ರುವರಿ, ಬುಧವಾರ

ಮತದಾನ. ಮಲಕವ್ವ ಬೆಳಿಗ್ಗೆಯಿಂದ ಓಣಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಬರುತ್ತಿದ್ದಳು. ನಾನು ಮೂವತ್ತು ಜನರಿಗೆ ಅವಲಕ್ಕಿ ಮಾಡಿದೆ. ಈ ಸಲ ಉಪ್ಪು ಸರಿಯಾಗಿತ್ತು.

೨೮ ಫೆಬ್ರುವರಿ, ಬುಧವಾರ

ಮಲ್ಲಾರಿ ಸೋತ. ಸ್ವಲ್ಪದರಲ್ಲಿ.

ಸಾಹೇಬರ ಒಂದು ಮಾತಿಗೆ ಸುತ್ತಿನ ಹಳ್ಳಿಗಳು ತಿರುಗುತ್ತವೆ ಎಂದು ಎಲ್ಲರೂ ಒಂದು ತಿಂಗಳು ಉಸಿರು ಬಿಗಿಹಿಡಿದಿದ್ದರು. ಸಾಹೇಬರ ದತ್ತವಾಡದಲ್ಲೇ ಏಣಿಗೆ ಹೆಚ್ಚು ಮತ ಬಿದ್ದಿವೆ. ಸಾಹೇಬರು ಕಾಲಿಡದ ಮಗ್ಗದ ಓಣಿಗಳಲ್ಲಿ ಛತ್ರಿಗೆ ರಾಶಿ ಮತ. ಗಡಹಿಂಗ್ಲಜದಲ್ಲೂ ಛತ್ರಿಯೇ ಮುಂದೆ.

ಸಾಹೇಬರಿಗೆ ಹೇಳಲು ನಾನೇ ಹೋದೆ. ದತ್ತವಾಡದ ಸುದ್ದಿ ಕೇಳಿ ಅವರು ಕೈಯಲ್ಲಿದ್ದ ಪೇಪರು ಮಡಚಿಟ್ಟರು. "ಅಂದ್ರ ನನ್ನ ದಾರಿ ಯಾರೂ ನೋಡಾಕತ್ತಿರಲಿಲ್ಲ" ಎಂದರು. ಆಮೇಲೆ, "ಇದು ಮೊದಲ ಗೊತ್ತಿದ್ರ ಎಷ್ಟ ಆರಾಮ ಇರತಿದ್ದೆ" ಎಂದರು.

ಮಲ್ಲಾರಿ ಸಂಜೆ ಪಾಠ ಹೇಳುತ್ತಿದ್ದ. ನಾನು ಹೋಗಿ ಬಾಗಿಲಲ್ಲಿ ನಿಂತೆ. ಅಳುತ್ತಾನೆ ಎಂದು ಹೆದರಿದ್ದೆ. ಕೂರಲು ಜಾಗವಿರಲಿಲ್ಲ, ಅಷ್ಟು ಜನ. ನನ್ನನ್ನು ನೋಡಿ ಕೈಯಿಂದಲೇ ಕೂರಿ ಎಂದ. ಅತ್ತವನು ನಾನು. ಹತ್ತಿಯ ಧೂಳು ಬಹಳ ಆ ಓಣಿಯಲ್ಲಿ.

೧೧ ಮಾರ್ಚ್, ರವಿವಾರ

ಮುನಸಿಪಾಲ್ಟಿ ಚುನಾವಣೆ ಬರುತ್ತದೆ ಎಂದು ಸುದ್ದಿ. ಅಲ್ಲಪ್ಪನ ಅಂಗಡಿಯಲ್ಲಿ ಇವತ್ತು ಮತ್ತೆ ಗದ್ದಲ. ನಾನು ಒಳಗೆ ಹೋಗುತ್ತಲೇ ಕೂರಲು ಬಾಕು ಖಾಲಿ ಮಾಡಿಕೊಟ್ಟರು. ಕಾಡಪ್ಪ ಬೆಳೆಯುತ್ತಿರುವ ಮೀಸೆಯನ್ನು ಮುಟ್ಟಿಕೊಳ್ಳುತ್ತ ಕೇಳಿದ:

"ಭರಮಪ್ಪಾ, ಮಲಕವ್ವ ನಿಲ್ತಾಳೋ ಇಲ್ಲೋ? ಮಂದಿ ಎರಡ ಭಾಗ ಆಗ್ಯಾರ. ಸಾಹೇಬ್ರು ಆಕಿ ಕಡೆ ಅದಾರಂತ, ಖರೇನು? ನೀ ಹತ್ತರದಾಂವ, ನಿನಗ ಗೊತ್ತಿರತೈತಿ."

ನಾನು ಚಹಾ ಊದಿ ಕುಡಿದೆ. ಇಂಥ ಪ್ರಶ್ನೆಗೆ ಒಮ್ಮೆಲೇ ಉತ್ತರ ಕೊಡಬಾರದು. ನಾಳೆ ಬರ್ರಿ, ವಿಚಾರ ಮಾಡಿ ಹೇಳೋಣ ಎಂದೆ. ಒಂದು ತಿಂಗಳು ಸಾಕಾಗುವಷ್ಟು ವಿಷಯ ಸಿಕ್ಕಿತು ಎಂದು ಮನೆಗೆ ಬಂದೆ. ಇಬ್ಬರು ಹಿಂದೆಯೇ ಬಂದು ಬಾಗಿಲ ಹೊರಗೆ ನಿಂತರು.

ಮಲಕವ್ವ ಒಲೆಯಿಂದ ದೂರ ಕೂತು ದುರ್ಗವ್ವನ ಪಾಟಿ ನೋಡುತ್ತಿದ್ದಳು. ನಾನು ರೊಟ್ಟಿ ತಿರುವಿ ಹಾಕುತ್ತ, ಮಾತನ್ನು ಎಲ್ಲಿಂದ ಎತ್ತಬೇಕೆಂದು ಯೋಚಿಸಿ, ಊರಿನ ಪರಿಸ್ಥಿತಿ, ನಳದ ನೀರು, ಜನರ ಅಭಿಪ್ರಾಯ ಎಲ್ಲ ಹೇಳಿ, ಕೊನೆಗೆ ಕೇಳಿದೆ: "ಅಂದ್ರ, ಮುಂದ ಹೆಂಗಂತ? ನೀ ಏನಾರ ನಿಲ್ಲೂ ವಿಚಾರ..."

"ನಿಲ್ತೀನ್ರಿ" ಎಂದಳು. ಪಾಟಿಯಿಂದ ತಲೆ ಎತ್ತಲಿಲ್ಲ.

ರೊಟ್ಟಿ ಸೀದುಹೋಯಿತು. ಇಷ್ಟು ಬೇಗ ಉತ್ತರ ಕೊಟ್ಟುಬಿಟ್ಟರೆ ಹೊರಗೆ ನಿಂತವರಿಗೆ ನಾನು ಏನು ಹೇಳಲಿ?